ಕಸದ ಗಾಡಿ ಬರುವ ಹೊತ್ತು

ಇನ್ನೂ ದೂರದಲ್ಲಿದೆ, ಅಕ್ಕಿ ಅಂಗಡಿಯ ಓಣಿಯಲ್ಲಿರಬೇಕು, ಅಲ್ಲಿ ತಿರುಗುವಾಗ ಹಾಡು ಗೋಡೆಗಳ ನಡುವೆ ಸಿಕ್ಕಿ ಒಂದು ಸಲ ಕುಗ್ಗಿ ಮತ್ತೆ ಏಳುತ್ತದೆ, ಟಿಣ್ ಟಿಣ್ ಟಿಣ್ ಅಂತ ಮಕ್ಕಳ ಆಟಿಕೆಯ ಹಾಗೆ, ಕಸದ ಗಾಡಿಗೆ ಇಂಥ ಮುದ್ದಾದ ಹಾಡು ಹಾಕಿಸಿದ ಪುಣ್ಯಾತ್ಮ ಯಾರೋ, ಊರಿನ ಮಂದಿಯೆಲ್ಲ ಇದನ್ನು ಕೇಳಿದರೆ ಚೀಲ ಹಿಡಿದು ಓಡೋಡಿ ಇಳಿಯುತ್ತಾರೆ, ನಾನು ಮಾತ್ರ ಕಿಟಕಿ ಮುಚ್ಚಿ ಪರದೆ ಎಳೆಯುತ್ತೇನೆ — ಇವತ್ತು ಇಳಿಯಲೇಬೇಕು, ಇಳಿಯುತ್ತೇನೆ ಅಂತ ಷೆನ್ ಮೇಡಂಗೆ ಮಾತು ಕೊಟ್ಟಾಗಿದೆ, ಕೊಡುವಾಗ ಏನು, ಅವರ ಕೋಣೆಯಲ್ಲಿ ತಣ್ಣನೆಯ ಗಾಳಿ, ಮೆತ್ತನೆಯ ಕುರ್ಚಿ, ಮುಂದೆ ಒಂದು ಲೋಟ ಚಹಾ, ಅಲ್ಲಿ ಕೂತು ಯಾರು ಬೇಕಾದರೂ ಹುಲಿಯ ಮೀಸೆ ಎಳೆಯುತ್ತೇನೆ ಅನ್ನಬಹುದು. ತಮ್ಮ ಅವರನ್ನು ಮನಸ್ಸಿನ ಡಾಕ್ಟರು ಅನ್ನುತ್ತಾನೆ, ಡಾಕ್ಟರಲ್ಲ, ಆಪ್ತಸಮಾಲೋಚಕಿ, ಮಾತ್ರೆ ಕೊಡುವುದಿಲ್ಲ, ಕೆಲಸ ಕೊಡುತ್ತಾರೆ, ತಲೆಗೆ ಬಂದಿದ್ದೆಲ್ಲ ನಿಜ ಅಲ್ಲ ವಾನ್‌ರು, ಬರೀ ಯೋಚನೆ, ಬಂದಿದ್ದನ್ನ ಕೂರಿಸಿ ಕೇಳಿ, ನೀನು ಹೇಳ್ತಿರೋದಕ್ಕೆ ಸಾಕ್ಷಿ ಏನಪ್ಪಾ ಅಂತ, ಸಾಕ್ಷಿ ಇಲ್ಲದಿದ್ರೆ ಎದ್ದು ಹೋಗು ಅನ್ನಿ, ಹಾಗೆ ಅನ್ನುತ್ತೇನೆ ಮೇಡಂ, ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅನ್ನುತ್ತದೆ ಅದು. ಸರಿ, ಗಾಡಿ ಹತ್ರ ಹೋದ್ರೆ ಏನಾಗತ್ತೆ ಅಂತ ನಿಮ್ಮ ಅಂದಾಜು? ಎಲ್ಲರೂ ನನ್ನ ಕಡೆ ತಿರುಗ್ತಾರೆ ಮೇಡಂ. ತಿರುಗಿದ್ರೆ? ತಿರುಗಿದ್ರೆ ಅಷ್ಟೇ, ಅದಕ್ಕಿಂತ ಇನ್ನೇನಾಗ್ಬೇಕು. ಅವರು ನಗಲಿಲ್ಲ, ಭಯ ನೂರಕ್ಕೆ ಎಷ್ಟು ಅಂದರು, ತೊಂಬತ್ತು ಅಂದೆ, ನೂರು ಅನ್ನಲು ನಾಚಿಕೆಯಾಗಿ ಹತ್ತು ಬಿಟ್ಟಿದ್ದು. ಹಾಗಾದ್ರೆ ಪರೀಕ್ಷೆ ಮಾಡಿ ನೋಡೋಣ, ನೆಲ ನೋಡ್ಬೇಡಿ, ತಲೆ ಎತ್ತಿ ಒಂದೊಂದೇ ಮುಖ ನೋಡಿ, ಎಷ್ಟು ಜನ ನಿಜವಾಗ್ಲೂ ನಿಮ್ಮನ್ನ ನೋಡ್ತಿದ್ದಾರೆ ಅಂತ ನೋಡ್ಕೊಂಡು ಬನ್ನಿ, ಅಷ್ಟೇ ಕೆಲಸ. ಅಷ್ಟೇ ಕೆಲಸವಂತೆ, ಹೆದರಿದವಳ ಮೇಲೆ ಹಾವು ಎಸೆದು ಅದರ ಪಟ್ಟೆ ಎಣಿಸು ಅಂದ ಹಾಗೆ.

ಮುಖಗಳು ಬೇಡವಾದದ್ದು ಯಾವಾಗಿನಿಂದ ಅಂತ ಮೇಡಂ ಕೇಳಿದಾಗ ಯೋಚಿಸಬೇಕಾಗಲೇ ಇಲ್ಲ, ಆ ಚಳಿಗಾಲದ ಸಂಜೆಯಿಂದ, ಅಮ್ಮ ಹೋಗಿ ಎರಡು ತಿಂಗಳಾಗಿತ್ತು, ಅವಳ ಒಳಬಟ್ಟೆ, ಕಾಲುಚೀಲ, ಉಳಿದ ಡಯಾಪರು, ಅರ್ಧ ಮುಗಿದ ಮಾತ್ರೆಗಳು, ಎಲ್ಲ ಒಂದೇ ಚೀಲಕ್ಕೆ ತುರುಕಿ ಕೆಳಗಿಳಿದಿದ್ದೆ, ಕಸವನ್ನು ಇಲ್ಲಿ ನೆಲಕ್ಕೆ ಇಡುವಂತಿಲ್ಲ, ಗಾಡಿ ಬರುವ ತನಕ ಕೈಯಲ್ಲೇ ಹಿಡಿದಿರಬೇಕು, ಹಿಡಿದೇ ಇದ್ದೆ, ಇದ್ದಕ್ಕಿದ್ದಂತೆ ಎದೆ ಡವಡವ, ಕಣ್ಣಿಗೆ ಕತ್ತಲೆ, ಉಸಿರು ಗಂಟಲಿನಿಂದ ಕೆಳಗೆ ಇಳಿಯದು, ಸತ್ತೆ ಅಂದುಕೊಂಡೆ, ನಿಜವಾಗಿ ಸತ್ತೆ ಅಂತಲೇ, ಚೀಲ ಬಿದ್ದು ಒಡೆಯಿತು, ಅಮ್ಮನ ಒಳಬಟ್ಟೆಯೆಲ್ಲ ಬೀದಿಯ ಮೇಲೆ, ಆಗ ತಿರುಗಿದರು ಅವರೆಲ್ಲ, ಒಟ್ಟಿಗೆ, ಒಂದೇ ಕುತ್ತಿಗೆ ಇದ್ದವರ ಹಾಗೆ, ಅಯ್ಯಯ್ಯೋ ಇದು ತೀರ್ಕೊಂಡೋರದ್ದಲ್ವಾ ಅಂತ ಯಾರೋ, ಯಾರು ಅಂತ ಇವತ್ತಿಗೂ ಗೊತ್ತಿಲ್ಲ, ಯಾರ ಮುಖವೂ ನೆನಪಿಲ್ಲ, ತಿರುಗಿದ್ದು ಮಾತ್ರ ನೆನಪಿದೆ, ಹಲ್ಲುಜ್ಜುವಾಗ ತಿರುಗುತ್ತಾರೆ, ಬಟ್ಟೆ ಒಣಹಾಕುವಾಗ ತಿರುಗುತ್ತಾರೆ, ದಿಂಬಿಗೆ ತಲೆ ಕೊಟ್ಟರೆ ಇನ್ನೊಂದು ಸಲ. ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಇಷ್ಟು ವರ್ಷ ಕೂತವಳು ನಾನು, ಇಡೀ ಚಿಯಾಯಿ ಊರಿನ ಮುಖಗಳು ನನ್ನ ಕಿಟಕಿಗೆ ಬಗ್ಗಿ ಹೋಗಿವೆ, ಚಿಲ್ಲರೆ ಇಲ್ವಾ ಮೇಡಂ ಅಂದವರನ್ನು ಗದರಿಸಿ ಕಳಿಸಿದವಳು, ಅಂಥವಳಿಗೆ ಆಮೇಲೆ ಕಿಟಕಿಗೆ ಒಂದು ಮುಖ ಬಗ್ಗಿದರೂ ಟಿಕೆಟ್ ಕೈಯಲ್ಲೇ ಹರಿಯುತ್ತಿತ್ತು, ರಜೆ ಹಾಕಿ ಮನೆ ಸೇರಿದೆ, ಸೇರಿದ ಮೇಲೆ ಸ್ನಾನವೂ ಬೇಡ, ಊಟವೂ ಬೇಡ, ಪರದೆ ಎಳೆದು ಮಲಗಿದರೆ ಬೆಳಗೋ ಸಂಜೆಯೋ ಯಾರಿಗೆ ಬೇಕು. ತಮ್ಮ ಚಿ-ಹಾಂಗ್ ತಾಯ್‌ಚುಂಗ್‌ನಿಂದ ಆಗಾಗ ಬಂದು ಕಸದ ಮೂಟೆಗಳನ್ನು ಕಾರಿಗೆ ತುಂಬಿಕೊಂಡು ಹೋಗುತ್ತಿದ್ದ, ಬೇರೆಯವ್ರು ಅಕ್ಕನ ಮನೆಯಿಂದ ಹಣ್ಣು ತರ್ತಾರೆ, ನೀವು ಕಸ ತರ್ತೀರಿ ಅಂತ ನನ್ನ ಹೆಂಡತಿ ನಗ್ತಾಳೆ ಕಣೇ ಅಂದ, ನಗಲಿ ಬಿಡು ಅಂದೆ, ಅವನು ನಗಲಿಲ್ಲ, ಅವನೇ ಷೆನ್ ಮೇಡಂ ಹತ್ತಿರ ಕರೆದುಕೊಂಡು ಹೋದದ್ದು. ಒಂದು ಮಾತ್ರ ಅವನು ಒಯ್ಯುವುದಿಲ್ಲ, ಅಡುಗೆಮನೆಯ ಹಸಿ ಕಸ, ಕಾರೆಲ್ಲ ನಾರುತ್ತೆ ಮಾರಾಯ್ತಿ, ಅದನ್ನ ನೀನೇ ಇಳಿಸು, ಹಾಗಾಗಿ ಅದು ಫ್ರೀಜರಿನಲ್ಲಿ.

ಅದೇನು ನನ್ನೊಬ್ಬಳ ಹುಚ್ಚಲ್ಲ, ಈ ಸೆಖೆಗೆ ಮೀನಿನ ಮುಳ್ಳು ಬೆಳಗ್ಗೆಯಿಂದ ಸಂಜೆಗೆ ಹುಳ ಬೀಳುತ್ತದೆ, ಗಾಡಿ ಬಾರದ ದಿನ ಓಣಿಯ ಮನೆಮನೆಯಲ್ಲೂ ಎಂಜಲು ಫ್ರೀಜರಿಗೇ ಹೋಗುವುದು, ಅಮ್ಮ ಅದಕ್ಕೊಂದು ಕಾನೂನು ಮಾಡಿದ್ದಳು, ಎಡಕ್ಕೆ ಎಸೆಯೋದು, ಬಲಕ್ಕೆ ತಿನ್ನೋದು, ಕಣ್ಣು ಮುಚ್ಚಿ ಕೈ ಹಾಕಿದ್ರೂ ತಪ್ಪಬಾರ್ದು ತಿಳೀತಾ ಆ-ರು, ಅವಳ ಬಾಯಲ್ಲಿ ವಾನ್‌ರು ಯಾವಾಗಲೂ ಆ-ರು. ಎಡಕ್ಕೆ ನನ್ನ ಕಸ, ಮಾರುಕಟ್ಟೆಯ ಕೆಂಪು ಬಿಳಿ ಪಟ್ಟೆಯ ಚೀಲದಲ್ಲಿ, ಬಲಕ್ಕೆ ಅಮ್ಮನ ಕಡುಬು, ಅದೂ ಅಂಥದೇ ಚೀಲದಲ್ಲಿ, ಕಳೆದ ದೋಣಿ ಹಬ್ಬಕ್ಕೆ ಕಟ್ಟಿದ್ದು, ಬಿದಿರೆಲೆಯಲ್ಲಿ ಅಂಟಕ್ಕಿ, ಶೇಂಗಾ, ಹಂದಿಮಾಂಸ, ಉಪ್ಪು ಮೊಟ್ಟೆಯ ಹಳದಿ, ಆಗಲೇ ಅವಳ ಕೈ ನಡುಗುತ್ತಿತ್ತು, ಒಂದೊಂದು ಕಡುಬು ಒಂದೊಂದು ಆಕಾರ, ನಾನು ಕಟ್ಟಿಕೊಡ್ತೀನಿ ಬಿಡಮ್ಮ ಅಂದರೆ ನಿನ್ನ ಕೈಯಲ್ಲಿ ಕಟ್ಟಿದ್ರೆ ಕುದಿಯೋ ನೀರಲ್ಲಿ ಬಿಚ್ಕೊಂಡು ಗಂಜಿ ಆಗತ್ತೆ ಅಂತ ಗೇಲಿ ಮಾಡಿದ್ದಳು, ತಿಂದು ಉಳಿದದ್ದು ಒಂದು ಗೊಂಚಲು, ಒಂದೇ ದಾರಕ್ಕೆ ಕಟ್ಟಿದ್ದು ಹಾಗೇ ಇದೆ. ಈ ವರ್ಷ ಹಬ್ಬಕ್ಕೆ ನಾವು ಕಟ್ಟುವಂತಿಲ್ಲ, ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಕಡುಬು ಕಟ್ಟಬಾರದು, ಕಟ್ಟಬಹುದು ಅಂದರೂ ಕಟ್ಟುವವಳೆಲ್ಲಿ. ತಮ್ಮ ಫ್ರೀಜರ್ ತೆಗೆದು ನೋಡಿದಾಗಲೆಲ್ಲ ಅಂತಾನೆ, ಒಂದೋ ತಿನ್ನು ಅಕ್ಕ, ಇಲ್ಲಾ ಎಸಿ, ಇದೇನು ಮ್ಯೂಸಿಯಮ್ಮಾ. ತಿಂದರೆ ಮುಗಿಯುತ್ತದೆ, ಅಷ್ಟು ಗೊತ್ತಾಗದೇ ಇವನಿಗೆ, ತಿಂದರೆ ಅವಳ ಕೈಯ ಅಡುಗೆ ಈ ಭೂಮಿಯ ಮೇಲೆ ಎಲ್ಲೂ ಇರುವುದಿಲ್ಲ, ಷೆನ್ ಮೇಡಂಗೆ ಒಂದು ಸಲ ಹೇಳಿದ್ದೆ, ಅವರು ಯಾವ ಲೆಕ್ಕವನ್ನೂ ಕೇಳದೆ ಅದಕ್ಕೇನೂ ಅವಸರ ಇಲ್ಲ ವಾನ್‌ರು ಅಂದರು, ಅವತ್ತು ಅವರ ಮೇಲೆ ನಂಬಿಕೆ ಬಂತು. ದಿನಕ್ಕೊಂದು ಸಣ್ಣ ಕೆಲಸ ಮಾಡಿ ಅಂದದ್ದನ್ನೂ ಮಾಡುತ್ತಿದ್ದೇನೆ, ಒಂದು ದಿನ ಕಿಟಕಿ ಒರೆಸಿದೆ, ಒಂದು ದಿನ ತಲೆಗೆ ನೀರು ಹಾಕಿಕೊಂಡೆ, ಮೊನ್ನೆ ಫ್ರೀಜರಿನ ಹಿಮ ಕೆರೆದು ಎಲ್ಲ ಹೊರಗೆ ತೆಗೆದು ಒರೆಸಿ ಮತ್ತೆ ಜೋಡಿಸಿದೆ, ಮಾಡಿದ ಮೇಲೆ ಚೂರು ಹಗುರ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಹಾಡು ಹತ್ತಿರವಾಯಿತು, ಓಣಿಯ ತಿರುವಿಗೆ ಬಂತು, ಎಡಕ್ಕೆ ಕೈ ಹಾಕಿ ಚೀಲ ಎತ್ತಿಕೊಂಡೆ, ಟೋಪಿ ಬೇಡ, ಮಾಸ್ಕ್ ಬೇಡ, ಕಿವಿಗೆ ವೈರ್ ಬೇಡ, ಬಚ್ಚಿಟ್ಟುಕೊಳ್ಳುವ ಸಾಮಾನು ಒಂದೂ ಬೇಡ ಅಂದಿದ್ದಾರೆ, ಬಾಗಿಲು ಹಾಕಿಕೊಂಡೆ.

ಮೆಟ್ಟಿಲು, ಇನ್ನೊಂದು ಮೆಟ್ಟಿಲು, ಇದು ಬರೀ ಭಯ, ಭಯದಿಂದ ಯಾರೂ ಸಾಯುವುದಿಲ್ಲ, ಎದೆ ಹೊಡೆದುಕೊಳ್ಳಲಿ, ಅದರ ಕೆಲಸ ಅದು ಮಾಡುತ್ತದೆ — ಚೀಲ ಯಾಕೋ ಗಂಟುಗಂಟಾಗಿದೆ, ತೊಡೆಗೆ ಮೂಲೆಮೂಲೆ ತಾಗುತ್ತಿದೆ, ಪರಂಗಿ ಸಿಪ್ಪೆಗೆ ಇಷ್ಟು ಮೂಲೆ ಎಲ್ಲಿಂದ, ಬಿಚ್ಚಿ ನೋಡಲೇ, ಬೇಡ, ಗೊತ್ತು ನನಗೆ ಈ ಆಟ, ಬಿಚ್ಚಿ ನೋಡುವುದು, ಆಮೇಲೆ ಕೈ ತೊಳೆಯಬೇಕು ಅನ್ನುವುದು, ಮೇಲೆ ಹೋಗುವುದು, ಅಷ್ಟರಲ್ಲಿ ಗಾಡಿ ಹೋಗುವುದು, ಅಯ್ಯೋ ತಪ್ಪಿಹೋಯಿತಲ್ಲ ಅನ್ನುವುದು, ನೆಪ, ಬರೀ ನೆಪ, ಇಳಿ. ಕೆಳಗೆ ಬಾಗಿಲ ಬಳಿ ನೆಲಮಹಡಿಯ ತ್ಸಾಯ್ ಅಜ್ಜಿ ಬಕೆಟ್ ಹಿಡಿದು ನಿಂತಿದ್ದಾಳೆ, ಏನೇ, ಆ-ರು ಏನೇ ಇದು, ಸೂರ್ಯ ಪಡುವಣದಲ್ಲಿ ಹುಟ್ಟಿದ್ನಾ ಇವತ್ತು, ಬದುಕಿದೀಯೇನೇ ಹುಡುಗಿ, ನಿನ್ನಮ್ಮ ನನ್ನ ಕನಸಲ್ಲಿ ಬಂದು ಬಯ್ತಾಳೆ, ನನ್ನ ಮಗಳನ್ನ ನೋಡ್ಕೊಳ್ಳಲ್ಲ ನೀನು ಅಂತ, ಬಾಗಿಲು ತಟ್ಟಿ ತಟ್ಟಿ ನನ್ನ ಕೈ ಸವೀತು — ಬದುಕಿದೀನಿ ಅಜ್ಜಿ ಅಂದೆ, ದನಿ ಒಡೆದು ಬಂತು, ಆದರೂ ಬಂತು, ಅವಳು ಆಗಲೇ ಮುಂದೆ ಹೋಗಿದ್ದಳು, ಗಾಡಿ ಬಂದಿತ್ತು.

ತಲೆ ಎತ್ತು. ಎತ್ತಿದೆ. ಹಳದಿ ಗಾಡಿ, ಹಿಂದೆ ಅದರ ಚಿಕ್ಕ ಗಾಡಿ, ಅದರ ಬೆನ್ನಿಗೆ ಹಂದಿ ಸಾಕುವವರಿಗೆ ಹೋಗುವ ಎಂಜಲಿನ ಡ್ರಮ್ಮುಗಳು, ಜನ, ಇಷ್ಟು ಜನ ಎಲ್ಲಿದ್ದರು ಈ ಓಣಿಯಲ್ಲಿ, ಬೆವರು ಮೂಗಿನ ತುದಿಗೆ ಬಂತು, ನೋಡು, ಒಂದೊಂದೇ ನೋಡು, ನೀಲಿ ಅಂಗಿಯ ಗಂಡಸು ಫೋನ್ ನೋಡುತ್ತಿದ್ದಾನೆ, ನನ್ನನ್ನಲ್ಲ, ಕೂದಲಿಗೆ ಸುರುಳಿ ಹಾಕಿಕೊಂಡವಳು ಅವಳ ನಾಯಿಯನ್ನು, ನನ್ನನ್ನಲ್ಲ, ಇಬ್ಬರು ಹೆಂಗಸರು ಬಾಯಿಗೆ ಬಾಯಿ ಕೊಟ್ಟು ಯಾರದೋ ಸೊಸೆಯನ್ನು ಹುರಿದು ಮುಕ್ಕುತ್ತಿದ್ದಾರೆ, ನನ್ನನ್ನಲ್ಲ, ಒಬ್ಬಳು ನೋಡಿದಳು, ನೋಡಿದಳಾ, ನನ್ನ ಹಿಂದಿದ್ದ ಸ್ಕೂಟರ್ ನೋಡಿದ್ದು, ನನ್ನನ್ನಲ್ಲ, ಕಾಲು ತಾನಾಗಿ ಮುಂದೆ ಹೋಗುತ್ತಿದೆ, ಡ್ರಮ್ಮಿನ ಅಂಚು ಸೊಂಟಕ್ಕೆ ತಾಗಿತು, ಕೈ ತಾನಾಗಿ ಗಂಟು ಬಿಚ್ಚಿ ಬೋರಲು ಹಾಕಿತು, ದಡ್ ಅಂತ ಬಿತ್ತು, ನಾನು ಕೆಳಗೆ ನೋಡಲಿಲ್ಲ, ಮೇಡಂ, ಒಂದು ಸಲವೂ ನೆಲ ನೋಡಲಿಲ್ಲ, ಮುಖಗಳನ್ನೇ ನೋಡುತ್ತಿದ್ದೆ — ಎಲೆ ಬಿಡಿಸಿ ಹಾಕ್ಬೇಕಲ್ವೇನಕ್ಕಾ, ಹಂದಿ ಗಂಟಲಿಗೆ ಸಿಕ್ಕೊಳ್ಳತ್ತೆ ಅಂತ ಗಾಡಿಯ ಹಿಂದಿನ ಕೈಗವಸಿನ ಗಂಡಸು ಯಾರಿಗೋ ಹೇಳಿದ, ನನಗಾ, ನನಗೇ ಬಯ್ದನಾ, ನಿಲ್ಲು ವಾನ್‌ರು, ಇದೇ ನಿನ್ನ ರೋಗ, ಬೀದಿಯಲ್ಲಿ ಯಾರು ಯಾರಿಗೆ ಹೇಳಿದರೂ ಅದು ನಿನಗೇ ಅಂದುಕೊಳ್ಳುವುದು, ನಿನ್ನ ಚೀಲದಲ್ಲಿ ಎಲೆ ಎಲ್ಲಿದೆ, ಸಾಕ್ಷಿ ಏನು, ಸಾಕ್ಷಿ ಇಲ್ಲ, ಎದ್ದು ಹೋಗು ಅಂದೆ ಆ ಯೋಚನೆಗೆ, ಮೊದಲ ಸಲ, ಮೇಡಂ ಕಲಿಸಿದ ಹಾಗೇ ಅಂದೆ, ಅದು ಎದ್ದು ಹೋಯಿತು. ಖಾಲಿ ಚೀಲ ಗಾಡಿಗೆ ಎಸೆದು ಹಿಂದೆ ತಿರುಗಿದೆ, ಯಾರೂ ನೋಡಲಿಲ್ಲ, ಒಬ್ಬರೂ ನೋಡಲಿಲ್ಲ.

ಮೆಟ್ಟಿಲು ಹತ್ತುವಾಗ ನಗು ಬರುತ್ತಿದೆ, ಅಯ್ಯೋ ದೇವರೇ, ಇಷ್ಟೇನಾ, ಇದಕ್ಕಾಗಿ ಅರ್ಧ ವರ್ಷ ಬಾಗಿಲು ಹಾಕಿಕೊಂಡು ಕೂತೆನಾ, ಹಗ್ಗ ನೋಡಿ ಹಾವು ಅಂತ ಮಂಚ ಹತ್ತಿದವಳು ನಾನು, ಷೆನ್ ಮೇಡಂಗೆ ಹೇಳಬೇಕು, ತಮ್ಮನಿಗೆ ಫೋನ್ ಮಾಡಬೇಕು, ಕಸ ಇಳಿಸಿದೆ ಕಣೋ ಅಂತ, ಅವನ ಹೆಂಡತಿಗೂ ಹೇಳು ಅಂತ, ಹಸಿವು ಬೇರೆ, ನಿಜವಾದ ಹಸಿವು, ಮೂಲೆಯಂಗಡಿಯ ಕೋಳಿ ಅನ್ನ ಅಂತ ಬಾಯಲ್ಲಿ ನೀರು ಬಂತು, ಮೊದಲು ಒಂದು ಲೋಟ ತಣ್ಣಗೆ ಏನಾದರೂ ಕುಡಿಯಬೇಕು, ಫ್ರೀಜರ್ ತೆಗೆದು ಐಸಿಗೆ ಕೈ ಹಾಕಿದೆ, ಬಲಗಡೆ ಪಟ್ಟೆಯ ಚೀಲ ಇದೆಯಲ್ಲ, ಇದೆ, ಇರಲಿ, ಅದರ ಬಾಯಿ ಒಂದಿಷ್ಟು ಸರಿದಿದೆ, ಅದರೊಳಗಿಂದ ಮೀನಿನ ಬಾಲ ಹೊರಗೆ ಬಂದಿದೆ.

ಮೀನಿನ ಬಾಲ. ಇಲ್ಲ. ಚೀಲ ಹರಿದೆ, ಪರಂಗಿ ಸಿಪ್ಪೆ, ಮೊಟ್ಟೆ ಹಾಕಿದ ನೂಡಲ್ಸ್, ಚಹಾ ಚರಟ, ಹಿಮಗಟ್ಟಿದ ಬೂದು ಮುದ್ದೆ, ಇಲ್ಲ, ಎಡಗಡೆ ನೋಡಿದೆ, ಖಾಲಿ, ಮತ್ತೆ ಬಲಗಡೆ, ಇಡೀ ಫ್ರೀಜರನ್ನು ಗುಡಿಸಿ ನೆಲಕ್ಕೆ ಹಾಕಿದೆ, ಇಲ್ಲ, ಮೊನ್ನೆ ಒರೆಸಿ ಜೋಡಿಸಿದ್ದು, ಹಿಂದುಮುಂದಾಗಿ ಜೋಡಿಸಿದ್ದು, ನಾನೇ, ಈ ಕೈಯೇ — ಕೈ ಬೋರಲು ಹಾಕುತ್ತಿದೆ, ನಾನು ನೀಲಿ ಅಂಗಿಯವನ ಮುಖ ನೋಡುತ್ತಿದ್ದೇನೆ, ದಡ್ ಅಂತ ಬಿದ್ದದ್ದು ಅಮ್ಮ, ಎಲೆ ಬಿಡಿಸಿ ಹಾಕಬೇಕಲ್ಲವೇನಕ್ಕಾ, ನನಗೇ ಹೇಳಿದ್ದು ಅವನು, ನನಗೇ, ಮೂಲೆಮೂಲೆ ತಾಗಿತ್ತು ತೊಡೆಗೆ, ಕಾಲಿಗೆ ಗೊತ್ತಿತ್ತು, ಕಿವಿಗೆ ಕೇಳಿತ್ತು, ಎರಡಕ್ಕೂ ಎದ್ದು ಹೋಗು ಅಂದೆ, ಹಂದಿಗೆ, ಅಮ್ಮನ ಕೈಯ ಕಡುಬು ಹಂದಿಗೆ. ತಾಳು, ಕೂತುಕೋ, ಉಸಿರು ಬಿಡು, ಈ ಯೋಚನೆಗೆ ಸಾಕ್ಷಿ ಏನು, ಸಾಕ್ಷಿ ನೆಲದ ಮೇಲೆ ಕರಗುತ್ತಿದೆ ಮೇಡಂ, ಇದನ್ನು ಬೇರೆ ಥರ ನೋಡಲು ಸಾಧ್ಯವೇ, ಇಲ್ಲ, ನಿಮ್ಮ ಗೆಳತಿಗೆ ಹೀಗಾಗಿದ್ದರೆ ಏನು ಹೇಳುತ್ತಿದ್ದಿರಿ, ಥೂ ನಿನ್ನ ಜನ್ಮಕ್ಕೆ ಅನ್ನುತ್ತಿದ್ದೆ, ನೂರಕ್ಕೆ ಎಷ್ಟು, ನೂರಕ್ಕೆ ಎಷ್ಟು ಅಂತ ಕೇಳಬೇಡಿ, ನಾನು ಹೆದರಬೇಕಾದದ್ದಕ್ಕೆ ಹೆದರಲೇ ಇಲ್ಲ, ಇಷ್ಟು ದಿನ ನಡುಗಿದ್ದು ಬೀದಿಯ ಮುಖಗಳಿಗೆ, ಇದಕ್ಕೆ ಒಂದು ಗಳಿಗೆ ಹೆದರಿದ್ದರೂ ಚೀಲ ಬಿಚ್ಚಿ ನೋಡುತ್ತಿದ್ದೆ. ಕಿಟಕಿಯಿಂದ ಹಾಡು ಕೇಳುತ್ತಿದೆ, ಕೇಳುತ್ತಿದೆ ಇನ್ನೂ, ಶಾಲೆಯ ಗೋಡೆಯ ಕಡೆಯಿಂದ, ಮುಂದಿನ ನಿಲುಗಡೆ ಅಲ್ಲೇ, ಅದಾದ ಮೇಲೆ ಮಾರುಕಟ್ಟೆ, ಮಾರುಕಟ್ಟೆಯಲ್ಲಿ ಡ್ರಮ್ಮು ತುಂಬುತ್ತದೆ, ಆಮೇಲೆ ಹೆದ್ದಾರಿ, ಆಮೇಲೆ ಎಲ್ಲಿಗೋ ನನಗೆ ಗೊತ್ತಿಲ್ಲ.

ಚಪ್ಪಲಿ ಮನೆಯೊಳಗಿನದು, ರಬ್ಬರು, ಮೆಟ್ಟಿಲಲ್ಲಿ ಎರಡು ಸಲ ಜಾರಿತು, ಏನಾಯ್ತೇ ಬೆಂಕಿ ಬಿತ್ತಾ ಅಂತ ತ್ಸಾಯ್ ಅಜ್ಜಿ, ಕಡುಬು ಅಜ್ಜಿ, ಅಮ್ಮನ ಕಡುಬು, ಎಸೆದುಬಿಟ್ಟೆ ಅನ್ನುತ್ತಲೇ ಓಡಿದೆ, ಓಣಿಯ ಬಾಯಿಯವರೆಗೆ ಮಾತ್ರ ನನ್ನ ಅಭ್ಯಾಸ, ಅಲ್ಲಿಂದಾಚೆಗೆ ಮೇಡಂ ಇನ್ನೂ ಮೆಟ್ಟಿಲು ಕಟ್ಟಿಲ್ಲ, ಮುಂದಿನ ತಿಂಗಳು ಔಷಧಿ ಅಂಗಡಿ, ಆಮೇಲೆ ನೋಡೋಣ ಅಂದಿದ್ದರು, ಔಷಧಿ ಅಂಗಡಿ ಪಕ್ಕದಿಂದ ಹಾರಿಹೋಯಿತು, ಸ್ಕೂಟರುಗಳು, ಏಯ್ ಕಣ್ಣು ಮನೇಲಿಟ್ಟು ಬಂದ್ಯಾ ಅಂತ ಒಬ್ಬ, ಕಣ್ಣಿನ ಅಂಚುಗಳಿಂದ ಕತ್ತಲೆ ಒಳಗೆ ಬರುತ್ತಿದೆ, ಅದೇ, ಆ ಸಂಜೆಯದೇ, ಈಗ ಬೀಳುತ್ತೇನೆ, ಬೀಳಬೇಡ, ಬಿದ್ದರೆ ಗಾಡಿ ಹೋಗುತ್ತದೆ, ಭಯದಿಂದ ಯಾರೂ ಸಾಯುವುದಿಲ್ಲ ಅಂದರಲ್ಲ, ಸತ್ತರೆ ಡ್ರಮ್ಮು ಮುಟ್ಟಿದ ಮೇಲೆ ಸಾಯುತ್ತೇನೆ, ಕೈ ಬೋರಲು ಹಾಕುತ್ತಿದೆ, ನಾನು ಬೇರೆಲ್ಲೋ ನೋಡುತ್ತಿದ್ದೇನೆ, ಕೈ ಬೋರಲು ಹಾಕುತ್ತಿದೆ. ಶಾಲೆಯ ಗೋಡೆ, ಹಳದಿ ಬೆನ್ನು, ಸಾಲು, ನಮ್ಮ ಓಣಿಯದ್ದು, ಇವರದ್ದು, ಎಲ್ಲರ ಮನೆಯ ಎಂಜಲು ಅಮ್ಮನ ಮೇಲೆ, ಗಾಡಿಯ ಬಾಯಿ ಗುರ್ ಅಂತ ಮುಚ್ಚುತ್ತಿದೆ, ಹೊರಡುವ ಸದ್ದು, ಕೂಗು, ಕೂಗಬೇಕು, ಕೂಗಿದರೆ ತಿರುಗುತ್ತಾರೆ, ತಿರುಗುತ್ತಾರೆ ವಾನ್‌ರು, ಇದಕ್ಕೆ ಅಂದಾಜು ಬೇಕಾಗಿಲ್ಲ, ಒಬ್ಬರೂ ಬಿ‌ಡದೆ ತಿರುಗುತ್ತಾರೆ — ನಿಲ್ಲಿಸಿ, ನಿಲ್ಸೀ ಅಣ್ಣಾ, ಸುರೀಬೇಡಿ, ಯಾರೂ ಸುರೀಬೇಡಿ, ಈ ದನಿ ನನ್ನದು, ಟಿಕೆಟ್ ಕಿಟಕಿಯಲ್ಲಿ ಗದರಿಸುತ್ತಿದ್ದ ದನಿ, ಇದು ಎಲ್ಲಿತ್ತು ಇಷ್ಟು ದಿನ.

ತಿರುಗಿದರು. ಒಟ್ಟಿಗೆ. ಒಂದೇ ಕುತ್ತಿಗೆ ಇದ್ದವರ ಹಾಗೆ. ಕಾಲು ಅಲ್ಲೇ ನೆಟ್ಟಿತು, ರಸ್ತೆ ತಿರುಗಿತು, ಚರಂಡಿಯ ಕಟ್ಟೆ ಹಿಡಿದುಕೊಂಡೆ, ಹೋಗು ಹಿಂದೆ ಅನ್ನುತ್ತಿದೆ ಮೈಯೆಲ್ಲ, ಓಡಿಹೋಗು, ಬಾಗಿಲು ಹಾಕಿಕೋ — ಏನಕ್ಕಾ, ಚಿನ್ನ ಬಿತ್ತಾ ಅಂದ ಕೈಗವಸಿನವನು, ಮೊನ್ನೆ ಒಬ್ಳು ಹಲ್ಲಿನ ಸೆಟ್ ಹಾಕ್ಬಿಟ್ಟಿದ್ಲು. ನಕ್ಕರು. ಕಡುಬು ಅಂದೆ. ಕಡುಬಾ! ಕಡುಬಿಗೆ ಗಾಡಿ ನಿಲ್ಲಿಸ್ತಾರೇನ್ರೀ ಅಂತ ಮುಂದಿನ ಗಾಡಿಯ ಚಾಲಕ ತಲೆ ಹೊರಗೆ ಹಾಕಿದ, ಹಬ್ಬ ಮುಂದಿನ ವಾರ ಇದೆ, ಕೇಜಿಗಟ್ಲೆ ಸಿಗತ್ತೆ ಮಾರ್ಕೆಟ್ಟಲ್ಲಿ, ಇನ್ನೂ ನಕ್ಕರು, ಮುಖಗಳು ನಗುತ್ತಿವೆ, ಇದೇ, ನನ್ನ ತಲೆಯೊಳಗೆ ಅರ್ಧ ವರ್ಷ ಓಡಿದ್ದು ಅಕ್ಷರಶಃ ಇದೇ, ಅದರಲ್ಲಿ ನಾನು ಯಾವಾಗಲೂ ಇಲ್ಲಿಗೆ ಬಂದು ಬೀಳುತ್ತಿದ್ದೆ, ಮುಂದೆ ಏನಾಗುತ್ತದೆ ಅಂತ ನೋಡಿದ್ದೇ ಇಲ್ಲ. ಅಮ್ಮ ಕಟ್ಟಿದ್ದು ಅಣ್ಣಾ, ಹೋದ ವರ್ಷದ್ದು, ಈಗ ಅಮ್ಮ ಇಲ್ಲ, ಮನೇಲಿ ಇದ್ದಿದ್ದು ಅದೊಂದೇ, ನಾನು ನೋಡ್ದೆ ಸುರಿದ್ಬಿಟ್ಟೆ. ನಗು ನಿಂತಿತು, ಒಬ್ಬೊಬ್ಬರದಾಗಿ ನಿಲ್ಲಲಿಲ್ಲ, ಒಮ್ಮೆಗೇ. ಅದು ನಿಮ್ದಾ ಅಂದ ಕೈಗವಸಿನವನು, ದನಿ ಇಳಿದಿತ್ತು, ಎಲೆ ಬಿಡಿಸಿ ಅಂತ ಹೇಳಿದ್ನಲ್ಲಕ್ಕಾ ಆಗ್ಲೇ. ಹೇಳಿದ್ರಿ. ಬೇಯಿಸಿದ ಎಂಜಲಿನ ಡ್ರಮ್ಮು ಇದೇ, ಆದ್ರೆ ಎರಡು ಓಣೀದು ಬಿದ್ದಿದೆ ಮೇಲೆ, ಸೂಪು ಗೀಪು ಎಲ್ಲ, ಬಿಡಿ ಅಕ್ಕಾ, ತಿನ್ನೋಕಂತೂ ಬರಲ್ಲ. ತಿನ್ನಕ್ಕಲ್ಲ ಅಂದೆ. ಅವನು ಒಂದು ಕೈಗವಸು ಕಳಚಿ ಕೊಡಲು ಬಂದ, ನಾನು ಅಷ್ಟರಲ್ಲಿ ಕೈ ಹಾಕಿಯಾಗಿತ್ತು.

ಮೊಣಕೈವರೆಗೆ, ಬೆಚ್ಚಗೆ, ಯಾರದೋ ಮನೆಯ ಗಂಜಿ, ಎಣ್ಣೆ, ಎಲುಬು, ವಾಸನೆ ಗಂಟಲಿಗೆ ಬಂತು, ಇನ್ನೂ ಒಳಗೆ, ತೋಳಿನವರೆಗೆ, ಕೆನ್ನೆ ಡ್ರಮ್ಮಿನ ಅಂಚಿಗೆ ಒತ್ತಿದೆ, ಇಲ್ಲಿಂದ ಸಾಲು ಅಡ್ಡಡ್ಡ ಕಾಣುತ್ತಿದೆ, ತಡ ಆಗ್ತಿದೆ ಮಾರಾಯ, ಮಾರ್ಕೆಟ್ಟಲ್ಲಿ ಜನ ಬಯ್ತಾರೆ ಅಂತ ಚಾಲಕ, ಬಯ್ದ್ರೆ ಬಯ್ಲಿ ಬಿಡಪ್ಪಾ, ಒಂದ್ ಗಳಿಗೆ ಆ ಹಾಡಾದ್ರೂ ನಿಲ್ಸು ಅಂದಳು ಮುದುಕಿಯೊಬ್ಬಳು, ಮೀನು ಸಾರಿನ ಪಾತ್ರೆ ಡ್ರಮ್ಮಿನ ಮೇಲೆ ಎತ್ತಿದ್ದವಳು, ಎತ್ತಿದ ಕೈ ಹಾಗೇ ಇದೆ, ಸುರಿದಿಲ್ಲ, ಹಿಂದಕ್ಕೂ ತೆಗೆದಿಲ್ಲ, ತೂಕಕ್ಕೆ ನಡುಗುತ್ತಿದೆ, ಅವಳ ಹಿಂದಿನವಳು ಬಕೆಟ್ ಹಿಡಿದಿದ್ದಾಳೆ, ಅವಳ ಹಿಂದಿನವನು ಚೀಲ, ನೆಲಕ್ಕೆ ಇಡುವಂತಿಲ್ಲವಲ್ಲ, ಹಿಡಿದೇ ನಿಂತಿದ್ದಾರೆ, ಹಾಡು ನಿಂತಿತು, ಬೀದಿ ಇಷ್ಟು ಸುಮ್ಮನಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ, ಬೆರಳು ಏನೋ ಮೆತ್ತಗಿನದನ್ನು ದಾಟಿತು, ಏನೋ ಚೂಪಾದದ್ದನ್ನು ದಾಟಿತು, ಆಮೇಲೆ ತಣ್ಣಗೆ, ಗಟ್ಟಿ, ಈ ಬಿಸಿಯ ತಳದಲ್ಲಿ ಇನ್ನೂ ಕಲ್ಲಿನ ಹಾಗೆ ತಣ್ಣಗೆ, ಮೂಲೆ, ಇನ್ನೊಂದು ಮೂಲೆ, ದಾರ, ದಾರ ಬೆರಳಿಗೆ ಸುತ್ತಿಕೊಂಡಿತು. ಸಿಕ್ತೇನಕ್ಕಾ, ಅವನು. ಸಿಕ್ತೇನೇ ಮಗಳೇ, ಮುದುಕಿ. ಹೂಂ ಅನ್ನಬೇಕು, ಎಳೆದರೆ ಬರುತ್ತದೆ, ಬಂದರೆ ಕರಗುತ್ತದೆ, ಕರಗಿದ್ದನ್ನು ಮತ್ತೆ ಫ್ರೀಜರಿಗೆ ಇಡುವಂತಿಲ್ಲ, ಹೂಂ ಅಂದರೆ ಇವರೆಲ್ಲ ಸುರಿದು ಮನೆಗೆ ಹೋಗುತ್ತಾರೆ, ನಾನು ಮೆಟ್ಟಿಲು ಹತ್ತುತ್ತೇನೆ, ಬಾಗಿಲು ತೆಗೆಯುತ್ತೇನೆ, ಒಳಗೆ ಯಾರೂ ಇರುವುದಿಲ್ಲ, ಬೆರಳಿಗೆ ದಾರ ಬಿಗಿಯುತ್ತಿದೆ, ಸಿಕ್ತಾ, ಸಿಕ್ತಾ ಅಂತ ಹಿಂದಿನವರು ಮುಂದಿನವರನ್ನು ಕೇಳುತ್ತಿದ್ದಾರೆ, ಎಲ್ಲರ ಮುಖ ನನ್ನ ಕಡೆಗೇ, ಒಂದೂ ಬೇರೆ ಕಡೆ ಇಲ್ಲ, ಪಾತ್ರೆ ಎತ್ತಿದ ಆ ಕೈ, ಬಕೆಟ್ ಹಿಡಿದ ಕೈ, ಚೀಲ ಹಿಡಿದ ಕೈ, ಯಾರೂ ಸುರಿಯುತ್ತಿಲ್ಲ, ಯಾರೂ ಸುರಿಯುತ್ತಿಲ್ಲ